ಒಂದೇ ವೈರು, ಐದು ಹಾರ

ತೆರಕಣಾಂಬಿಯ ಭಜನೆಮನೆಯಲ್ಲಿ ಸೋಮವಾರ ಸಂಜೆ ಮೊದಲು ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ಟ್ಯೂಬ್‌ಲೈಟು, ಅದಾದ ಮೇಲೆ ಶಾಂತರಾಜು. ಮೊದಲಿನ ಎರಡನ್ನು ಬೇಕೆಂದಾಗ ಆರಿಸಬಹುದು. ಮೂರನೆಯದನ್ನು ಆರಿಸುವ ಸ್ವಿಚ್ಚು ಎಲ್ಲಿದೆ ಎಂದು ಅವನ ಹೆಂಡತಿ ಕುಮಾರಿ ಮದುವೆಯಾದಂದಿನಿಂದ ಹುಡುಕುತ್ತಲೇ ಇದ್ದಾಳೆ.

ಶಾಂತರಾಜು ಪಂಚಾಯ್ತಿಯ ಬಿಲ್ ಕಲೆಕ್ಟರು. ಸಾಧು ಮನುಷ್ಯ, ದೈವಭಕ್ತ, ಇರುವೆಯನ್ನೂ ದಾಟಿ ನಡೆಯುವವನು. ಹುಟ್ಟಿದಾಗಿನಿಂದ ಕಾವ್ಯ ಓದುವುದನ್ನು ಕೇಳಿ ಬೆಳೆದದ್ದರಿಂದ ಅವನಿಗೊಂದು ಸಣ್ಣ ತೊಂದರೆ ಅಂಟಿಕೊಂಡಿತ್ತು: ಅಕ್ಷರ ಕಣ್ಣಿಗೆ ಬಿದ್ದರೆ ರಾಗ ಬಾಯಿಗೆ ಬರುತ್ತಿತ್ತು. ನೀರಿನ ಕಂದಾಯದ ನೋಟೀಸನ್ನು ಮನೆಮನೆಯ ಬಾಗಿಲಲ್ಲಿ ನಿಂತು ಮೋಹನ ರಾಗದಲ್ಲಿ ಓದಿ, 'ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು' ಎಂಬ ಸಾಲನ್ನು ಎರಡು ಸಲ ಎಳೆದು ಹಾಡಿ ಮುಗಿಸುತ್ತಿದ್ದ. ಜನ ತಲೆದೂಗುತ್ತಿದ್ದರು. ಕೆಲವರು ಇನ್ನೊಮ್ಮೆ ಹಾಡಿಸುತ್ತಿದ್ದರು. ಕಂದಾಯದ ವಿಷಯ ಅಲ್ಲಿಗೆ ನಿಲ್ಲುತ್ತಿತ್ತು.

ಇವೆಲ್ಲದರ ಜೊತೆಗೆ ಅವನಿಗೆ ಕಂಪ್ಯೂಟರು ಬರುತ್ತದೆ ಎಂಬ ಹೆಸರೂ ಇತ್ತು. ಆ ಹೆಸರನ್ನು ಇಟ್ಟವನು ಅವನೇ. ಒಂದು ಬೇಸಿಗೆ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಓಡಾಡಿ ಕಲಿತು, ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲೇ ತೂಗುಬಿಟ್ಟಿದ್ದ. ಸಾಲಿನಲ್ಲಿ ಒಂದನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಕುಮಾರಿ ಅದಕ್ಕೂ ದಿನಾ ಊದುಬತ್ತಿ ತೋರಿಸುತ್ತಿದ್ದಳು.

ಆ ವರ್ಷ ಸೋಮವಾರ ಸೋಮವಾರ ಓದಿಕೊಂಡು ಬಂದ ಕಾವ್ಯದ ಮಂಗಳ, ಅಂದರೆ ಕೊನೆಯ ಓದು, ಕಾರ್ತಿಕದ ಕೊನೆಯ ಸೋಮವಾರಕ್ಕೆ ಎಂದು ನಿಶ್ಚಯವಾಗಿತ್ತು. ಓದುವವರು ನಿವೃತ್ತ ಮೇಷ್ಟ್ರು ದೊರೆಸ್ವಾಮಿ. ಕೇಳುವವರಲ್ಲಿ ಮೊದಲಿನವರು ಪುಟ್ಟಮಲ್ಲಮ್ಮ, ಕುಮಾರಿಯ ತಾಯಿ. ಭಜನೆಮನೆಯ ಎಡಗಡೆಯ ಕಂಬದ ಪಕ್ಕ ಆಕೆಯ ಜಾಗ. ಮಾತಿಲ್ಲ, ಕತೆಯಿಲ್ಲ, ಬಂದು ಕೂತರೆ ಮುಗಿಯುವವರೆಗೆ ಕೇಳುವುದೊಂದೇ. ಆಕೆಯ ಕಣ್ಣು ಮುಚ್ಚಿದರೆ ತಾನು ಸರಿಯಾಗಿ ಓದುತ್ತಿದ್ದೇನೆ ಎಂದೂ, ತೆರೆದರೆ ಎಲ್ಲೋ ತಪ್ಪಿದೆ ಎಂದೂ ಮೇಷ್ಟ್ರು ತಿಳಿದುಕೊಳ್ಳುತ್ತಿದ್ದರು. ಅಂಥ ಪುಟ್ಟಮಲ್ಲಮ್ಮ ದಸರಾ ಮುಗಿದ ಮೇಲೆ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಗ ಮಹದೇವಪ್ರಸಾದ್ ಬಂದು ಚಂದಕವಾಡಿಗೆ ಕರೆದುಕೊಂಡು ಹೋದ. ಸಂಕ್ರಾಂತಿ ಕಳೆಯುವವರೆಗೆ ಮಂಚ ಬಿಟ್ಟು ಇಳಿಯಬಾರದು ಎಂದು ಡಾಕ್ಟರು ಹೇಳಿದರು.

ಆಕೆ ಅಳಲಿಲ್ಲ, ಗೊಣಗಲಿಲ್ಲ. ಮಗಳಿಗೆ ಫೋನಿನಲ್ಲಿ ಒಂದೇ ಮಾತು ಕೇಳಿದರು: "ಮಂಗಳನ ನಾನ್ ಇಲ್ದೇಯ ಓದ್ಬುಡ್ತಾರಾ?"

ಕುಮಾರಿ ಫೋನಿಟ್ಟು ಗಂಡನ ಮುಂದೆ ಬಂದು ನಿಂತಳು. "ನಿಮ್ ಸರ್ಟಿಫಿಕೇಟ್‌ಗೆ ಇಷ್ಟ್ ವರ್ಸದಿಂದ ಊದುಬತ್ತಿ ಹಚ್ಚಿವ್ನಿ. ಒಂದ್ ದಪನಾದ್ರೂ ವರ ಕೊಡಕ್ಕೆ ಹೇಳಿ ಅದ್ಕೆ."

ವರ ಕೊಟ್ಟವರು ಗುಂಡ್ಲುಪೇಟೆಯ ಲಿಯಾಕತ್ ಅಲಿ. ಹೆದ್ದಾರಿಯ ಪಕ್ಕ ಅವರದು ಮೈಕು, ರೇಡಿಯೋ, ಟಿ.ವಿ. ರಿಪೇರಿಯ ಅಂಗಡಿ. ಭಜನೆಮನೆಯ ಮೈಕ್‌ಸೆಟ್ಟು ವರ್ಷಕ್ಕೊಮ್ಮೆ ಗಂಟಲು ಕಟ್ಟಿಸಿಕೊಂಡಾಗ ಬಿಡಿಸಿಕೊಡುವವರು ಅವರೇ. ಅಜ್ಜಿಯ ವಿಷಯ ಕೇಳಿ, ಚಂದಕವಾಡಿಯ ಮಂಚದವರೆಗೆ ಓದು ಮುಟ್ಟಿಸಲೆಂದು, ಒಬ್ಬಟ್ಟಿನ ಡಬ್ಬಿಯಷ್ಟು ದೊಡ್ಡ ಒಂದು ಕಪ್ಪು ದುಂಡು ಡಬ್ಬಿಯನ್ನು ಶಾಂತರಾಜುವಿನ ಕೈಗಿಟ್ಟರು. ಮೇಲೊಂದು ಗಾಜಿನ ಕಣ್ಣು, ಪಕ್ಕದಲ್ಲಿ ಎರಡು ಗುಂಡಿ, ಹಿಂದೊಂದು ವೈರು.

"ನಮ್ದು ಕಾಣಿಕೆ ಅಂದ್ಕೊಳ್ಳಿ ಶಾಂತರಾಜಣ್ಣ. ಎಲ್ಲಾ ಇದ್ರಲ್ಲೇ ಐತೆ. ಚುಚ್ಚಿದ್ರೆ ಆಯ್ತು."

ಎಲ್ಲವೂ ಅದರಲ್ಲೇ ಇದೆ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ಆದರೆ ರಾಗವಿಲ್ಲದ ಮಾತು ಶಾಂತರಾಜುವಿನ ತಲೆಯಲ್ಲಿ ನಿಲ್ಲುವುದಿಲ್ಲ.

ಮಂಗಳಕ್ಕೆ ಒಂದು ವಾರ ಮುಂಚಿನ ಸೋಮವಾರ ಅವನು ಎಲ್ಲರೆದುರಿಗೆ ಡಬ್ಬಿಯ ವೈರನ್ನು ಭಜನೆಮನೆಯ ಕಂಪ್ಯೂಟರಿಗೆ ಚುಚ್ಚಿದ. ಅಷ್ಟಕ್ಕೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸರ್ಟಿಫಿಕೇಟು ಸುಮ್ಮನಿರಲು ಬಿಡಬೇಕಲ್ಲ! ಕಂಪ್ಯೂಟರಿನ ಹೊಟ್ಟೆಯೊಳಗೆ ಏನೇನು ಸೇರಿಕೊಂಡಿದೆ ಎಂದು ತೋರಿಸುವ ಪಟ್ಟಿಯನ್ನು ತೆಗೆದು ಗೋಡೆಯ ಟಿ.ವಿ.ಯ ಮೇಲೆ ಹಾಕಿದ. ಕಂಪ್ಯೂಟರಿಗೆ ಅವನು ಮೊದಲೇ ಕನ್ನಡ ಕಲಿಸಿಟ್ಟಿದ್ದ. ದೊರೆಸ್ವಾಮಿ ಮೇಷ್ಟ್ರು, ಓದು ಶುರುವಾಯಿತೆಂದುಕೊಂಡು, ಹಾರ್ಮೋನಿಯಂ ತಿದಿಯೊತ್ತಿ ಶ್ರುತಿ ಕೊಟ್ಟರು. ಶ್ರುತಿ ಸಿಕ್ಕ ಮೇಲೆ ಶಾಂತರಾಜುವನ್ನು ಹಿಡಿಯುವವರು ಯಾರು?

ಪಟ್ಟಿಯ ತಲೆಬರಹದಲ್ಲಿ 'ಯುಎಸ್‌ಬಿ ಸಂಯುಕ್ತ ಸಾಧನ' ಎಂದಿತ್ತು. ಕಾವ್ಯದ ತಲೆಯಲ್ಲಿ ಶ್ರೀಕಾರ ಇರುವಂತೆ ಇದೂ ಯಾವುದೋ ಶ್ರೀಕಾರ ಎಂದು ಭಾವಿಸಿ ಅದಕ್ಕೊಂದು ಕೈಮುಗಿದು ದಾಟಿದ. ಇಡೀ ಪರದೆಯಲ್ಲಿ ಅವನನ್ನು ಕಾಪಾಡಬಹುದಾಗಿದ್ದ ಮಾತು ಅದೊಂದೇ.

"ಕ್ಯಾಮೆರಾ... ಆಆ... ಮೈಕ್ರೋಫೋನು... ಸ್ಪೀಕರೂ... ಕೀಬೋರ್ಡೂ..." ಎಂದು ಏರುತ್ತ ಹೋಗಿ, ಹಳದಿ ತ್ರಿಕೋನದೊಳಗೆ ಆಶ್ಚರ್ಯಸೂಚಕ ಹೊತ್ತಿದ್ದ ಕೊನೆಯ ಸಾಲಿಗೆ ಬಂದು ಸ್ವರ ಇಳಿಸಿದ: "ಅಜ್ಞಾತ... ಸಾಧನಾ..." ಆಮೇಲೆ ಗದ್ಯಕ್ಕೆ ಬಂದು, "ಲಿಯಾಕತ್ ಸಾಬ್ರು ಕೊಟ್ಟಿರೋ ಐದಕ್ಕೆ ಐದು ಸಾಮಾನೂ ನಮ್ ಕಂಪ್ಯೂಟರು ಒಪ್ಕಂಡದೆ!" ಎಂದು ಸಾರಿದ.

ಚಪ್ಪಾಳೆ ಬಿತ್ತು. ಮೇಜಿನ ಮೇಲೆ ಎಷ್ಟಿವೆ ಎಂದು ಯಾರೂ ನೋಡಲಿಲ್ಲ. ಟಿ.ವಿ. ಇರುವ ಕಡೆ ಮೇಜನ್ನು ನೋಡುವವರು ಯಾರು?

ಭಜನೆಮನೆಯ ಅಧ್ಯಕ್ಷ ಮರಿಮಲ್ಲಪ್ಪ ಎದ್ದು ನಿಂತರು. ಹೂವಿನ ಬೆಳೆಗಾರರು, ಕೈ ದೊಡ್ಡದು. ಅಲ್ಲಿಗೆ ಹೊಸದಾಗಿ ಬಂದ ಯಾವ ವಸ್ತುವೂ ಕುಂಕುಮ ಇಟ್ಟುಕೊಂಡು ಹಾರ ಹಾಕಿಸಿಕೊಳ್ಳದೆ ಕೆಲಸಕ್ಕಿಳಿಯುವಂತಿರಲಿಲ್ಲ. ತಾಳ, ಜಾಗಟೆ, ನೀರಿನ ಫಿಲ್ಟರು, ಎಲ್ಲಕ್ಕೂ ಆಗಿತ್ತು. ಸೀಲಿಂಗ್ ಫ್ಯಾನಿಗೆ ಹಾಕಿದ ಹಾರ ಮೊದಲ ಸುತ್ತಿಗೇ ಹಾರಿ ಒಬ್ಬ ಎಂಜಿನಿಯರರ ಕೊರಳಿಗೆ ಬಿದ್ದು, ಅವರನ್ನೇ ಸನ್ಮಾನಿಸಿ ಕಳಿಸಿದ್ದೂ ಉಂಟು.

"ದೊಡ್ ಮನ್ಸು ಕಣ್ಲಾ ಸಾಬ್ರದು! ಮಂಗಳದ ದಿವ್ಸ ಐದು ಸಾಮಾನ್ಗೂ ಐದು ಹಾರ. ನಮ್ ತೋಟದ ಚೆಂಡುಹೂವು. ಸಾಬ್ರನ್ನೂ ಕರ್ಸಿ ಎದ್ರಿಗೇ ಹಾಕನ."

ಮರುದಿನ ಬೆಳಿಗ್ಗೆ ಧೂಳು ಒರೆಸಲು ಬಂದಾಗ ಶಾಂತರಾಜುವಿಗೆ ಮೇಜು ಕಂಡಿತು. ಮೇಜಿನ ಮೇಲೆ ಡಬ್ಬಿ ಒಂದು. ಟಿ.ವಿ. ಹಾಕಿದ. ಐದು. ಮೇಜು ನೋಡಿದ. ಒಂದು. ಕಂಪ್ಯೂಟರು ಎಂದೂ ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದರು. ಅಂದಮೇಲೆ ನಾಲ್ಕು ಸಾಮಾನು ಕಳೆದುಹೋಗಿವೆ!

ಮೇಜಿನ ಕೆಳಗೆ ನೋಡಿದ, ಜಮಖಾನ ಎತ್ತಿ ನೋಡಿದ, ಹಾರ್ಮೋನಿಯಮ್ಮಿನ ಪೆಟ್ಟಿಗೆಯಲ್ಲಿ ಕೈಯಾಡಿಸಿದ. ಕೊನೆಗೆ, ಗುಟ್ಟಾಗಿಡಬೇಕೆಂಬ ಉದ್ದೇಶದಿಂದ, ಟೀ ಅಂಗಡಿಯ ಚಿಕ್ಕಯ್ಯನನ್ನು ಮೆಲ್ಲಗೆ ಕೇಳಿದ:

"ಚಿಕ್ಕಯ್ಯಣ್ಣ, ಬೀದೀಲಿ ಎಲ್ಲಾರ ಒಂದ್ ಕೀಬೋರ್ಡ್ ಬಿದ್ದಿತ್ತಾ?"

"ಯಾಕ್ಲಾ, ಯಾರ್ದು?"

"ಯಾರ್ದೂ ಅಲ್ಲ ಬುಡಣ್ಣ. ಸುಮ್ಕೆ ಕೇಳ್ದೆ."

ಸುಮ್ಮನೆ ಯಾರೂ ಕೀಬೋರ್ಡು ಕೇಳುವುದಿಲ್ಲ ಎಂಬುದು ಚಿಕ್ಕಯ್ಯನಿಗೆ ಗೊತ್ತಿತ್ತು. ಮೊದಲ ಬಸ್ಸು ಚಾಮರಾಜನಗರಕ್ಕೆ ಹೊರಡುವಷ್ಟರಲ್ಲಿ ಸುದ್ದಿ ಬಸ್ಸು ಹತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಚಂದಕವಾಡಿಯಿಂದ ಭಾಮೈದ ಮಹದೇವಪ್ರಸಾದನ ಫೋನು.

"ಭಾವ, ನಾಕ್ ಸಾಮಾನು ಎಚ್ಚಿಗೆ ಅವಂತಲ್ಲ ನಿಮ್ತಾವು. ಆ ಕ್ಯಾಮೆರಾ ನಮ್ ಕೊಟ್ಗೆಗೆ ಇರ್ಲಿ ಭಾವ. ಚಿರತೆ ಓಡಾಡ್ತದೆ."

"ಕಳ್ದೋಗವೆ ಕಣಪ್ಪಾ!"

"ಊರ್ಗೆ ಹಂಗೇ ಹೇಳಿ, ಒಳ್ಳೇದು. ನಂಗೂ ಹಂಗೇ ಹೇಳುದ್ರೆ ಎಂಗೆ?"

ಶಾಂತರಾಜು ಗುಂಡ್ಲುಪೇಟೆಯ ಬಸ್ಸು ಹಿಡಿದ. ಕಾಣಿಕೆ ಕೊಟ್ಟವರ ಮುಂದೆ ನಿಂತು ಉಳಿದದ್ದೆಲ್ಲಿ ಎಂದು ಕೇಳುವುದು ಸುಲಭವಲ್ಲ. ಮೊದಲು ಲಿಯಾಕತ್ ಅಲಿಯವರ ಮಂಡಿನೋವು ವಿಚಾರಿಸಿದ. ಈರುಳ್ಳಿ ಲಾರಿಗಳು ರಸ್ತೆ ಕೆಡಿಸಿದ್ದನ್ನು ಖಂಡಿಸಿದ. ಅವರ ಹೆಂಡತಿ ಅಜೀಜಾ ಒಳಗಿನಿಂದ ಕಳಿಸಿದ ಚಹಾ ಕುಡಿದ. ಇನ್ನೊಂದು ಕಪ್ ಬಂತು, ಅದನ್ನೂ ಕುಡಿದ. ಮೂರನೆಯದು ಬರುವ ಲಕ್ಷಣ ಕಂಡಾಗ ಬಾಯಿಬಿಟ್ಟ.

"ಸಾಬ್ರೆ... ಆ ಉಳ್ದಿದ್ ನಾಕು..."

"ಯಾವ ನಾಕು?"

"ನೀವು ಕೊಟ್ಟಿದ್ ಐದ್ರಲ್ಲಿ."

"ನಾನು ಕೊಟ್ಟಿದ್ದು ಒಂದು, ಶಾಂತರಾಜಣ್ಣ."

"ಕಂಪ್ಯೂಟರು ಐದು ಅಂತದಲ್ಲ?"

"ನಾನು ಕೊಟ್ಟಿದ್ದು ನಿಮ್ಗೆ. ಕಂಪ್ಯೂಟರ್‌ಗೆ ಅಲ್ಲ!"

ಲಿಯಾಕತ್ ಅಲಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಅವರು ಅದನ್ನು ಊಟಕ್ಕೆ ಮತ್ತು ನಮಾಜಿಗೆ ಬಿಟ್ಟರೆ ಕೆಳಗಿಡುವವರಲ್ಲ. "ಊರಲ್ಲಿ ಐದು ಅಂತ ಹೇಳ್ಬಿಟ್ರಾ? ಒಂದು ಕೊಟ್ಟೋನು ಐದರ ಮರ್ಯಾದೆ ತಗೊಂಡ್ರೆ ಅದು ಕಳ್ಳತನ ಅಲ್ವಾ? ಸೋಮವಾರ ನಾನೇ ಬರ್ತೀನಿ. ಎಲ್ರ ಮುಂದೆ ನಿಂತು, ಒಂದೇ ಕೊಟ್ಟಿದ್ದು ಅಂತ ಹೇಳಿ ಹೋಗ್ತೀನಿ."

ಅವರು ಅದನ್ನು ತಮ್ಮ ಮರ್ಯಾದೆ ಉಳಿಸಿಕೊಳ್ಳಲು ಹೇಳಿದರು. ಆ ಮಾತಿನಿಂದ ಯಾರ ಮರ್ಯಾದೆ ಹೋಗುತ್ತದೆ ಎಂಬುದನ್ನು ಶಾಂತರಾಜು ಬಸ್ಸಿನ ಕಂಬಿ ಹಿಡಿದು ತೆರಕಣಾಂಬಿಯವರೆಗೂ ಯೋಚಿಸಿದ. ಕಂಡಕ್ಟರು ಕೊಟ್ಟ ಟಿಕೇಟನ್ನು ರಾಗ ಹಾಕದೆ ಜೇಬಿಗಿಟ್ಟುಕೊಂಡದ್ದು ಅವನ ಜೀವನದಲ್ಲಿ ಅದೇ ಮೊದಲು.

ಸೋಮವಾರ ಬಂತು. ಭಜನೆಮನೆ ತುಂಬಿತು. ಕಾವ್ಯ ಕೇಳಲು ಬರುವವರ ಜೊತೆಗೆ ನಾಲ್ಕು ಸಾಮಾನು ಎಲ್ಲಿ ಹೋದವು ಎಂದು ಕೇಳಲು ಬಂದವರೂ ಕೂತಿದ್ದರು, ಎರಡನೆಯವರೇ ಹೆಚ್ಚು. ಬಿದಿರಿನ ಗಳದಲ್ಲಿ ಐದು ಹಾರ ತೂಗಾಡುತ್ತಿದ್ದವು, ಒಂದೊಂದೂ ಎತ್ತಿನ ಕೊರಳಿಗಾಗುವಷ್ಟು ದಪ್ಪ. ದೊರೆಸ್ವಾಮಿ ಮೇಷ್ಟ್ರ ಪೀಠದ ಮುಂದೆ ಎಂದಿನಂತೆ ಹೂವಿನ ರಾಶಿ. ಎಡಗಡೆಯ ಕಂಬದ ಪಕ್ಕ ಒಂದು ಮಣೆ, ಖಾಲಿ.

ಶಾಂತರಾಜು ದೀಪ ಹಚ್ಚುವ ಮುಂಚೆಯೇ ಚಂದಕವಾಡಿಗೆ ವಿಡಿಯೋ ಸಂಪರ್ಕ ಕೊಟ್ಟಿದ್ದ. ಮಹದೇವಪ್ರಸಾದ್ ಫೋನನ್ನು ತಾಯಿಯ ದಿಂಬಿನ ಪಕ್ಕಕ್ಕೆ ಮಲಗಿಸಿ ಹಾಲು ಕರೆಯಲು ಹೋಗಿದ್ದರಿಂದ ಟಿ.ವಿ.ಯ ಅರ್ಧದಲ್ಲಿ ಆ ಮನೆಯ ತೊಲೆ ಮಾತ್ರ ಕಾಣುತ್ತಿತ್ತು. ಇನ್ನರ್ಧದಲ್ಲಿ, ಮರಿಮಲ್ಲಪ್ಪನವರ ಅಪ್ಪಣೆಯ ಮೇರೆಗೆ, ಐದು ಸಾಲಿನ ಪಟ್ಟಿ. ತೊಲೆಯನ್ನು ಎಷ್ಟು ಹೊತ್ತು ನೋಡಲಾಗುತ್ತದೆ? ಜನ ಪಟ್ಟಿ ನೋಡುತ್ತ ಕೂತರು.

ಗುಂಡ್ಲುಪೇಟೆಯಿಂದ ಲಿಯಾಕತ್ ಅಲಿ ಬಂದರು, ಜೊತೆಗೆ ಅಂಗಡಿಯ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಮಗಳು ಮುಬಶ್ಶಿರಾ.

ಮರಿಮಲ್ಲಪ್ಪ ಡಬ್ಬಿಗೆ ಕುಂಕುಮವಿಟ್ಟು ಒಂದು ಹಾರ ಹಾಕಿದರು. ಎರಡನೆಯದನ್ನು ಕೈಗೆತ್ತಿಕೊಂಡರು. "ಎಲ್ಲಿ, ಶಾಂತರಾಜು, ಮುಂದ್ಲುದ್ದು ಇಡು."

ಶಾಂತರಾಜು ಅದೇ ಡಬ್ಬಿಯನ್ನು ಒಂದು ಬೆರಳಿನಷ್ಟು ಮುಂದಕ್ಕೆ ಸರಿಸಿದ.

"ಯಜಮಾನ್ರೆ," ಲಿಯಾಕತ್ ಅಲಿ ಎದ್ದರು, "ನಾನು ಕೊಟ್ಟಿದ್ದು ಅದೊಂದೇ. ಇನ್ನೊಂದು ಹಾರಕ್ಕೆ ನಾನು ಹಕ್ಕುದಾರ ಅಲ್ಲ."

ಚಿಕ್ಕಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಟಿ.ವಿ. ಐದು ಅಂತದೆ. ಸಾಬ್ರು ಒಂದು ಅಂತಾರೆ. ನಡುವ್ಕೆ ಇರೋನು ಶಾಂತರಾಜು. ನಾನೇನೂ ಹೇಳ್ತಾ ಇಲ್ಲಪ್ಪ. ಆದ್ರೂ ಮೊನ್ನೆ ಸಂಜೆ ಅವ್ನ್ ಮನೇಲಿ ಹೊಸಾ ಸ್ಪೀಕರ್ ಸದ್ದು ಬೀದಿಗಂಟ ಕೇಳುಸ್ತಿತ್ತು."

ಕುಮಾರಿ ಹೆಂಗಸರ ಕಡೆಯಿಂದ ಎದ್ದು ನಿಂತಳು. "ಅದು ಸ್ಪೀಕರಲ್ಲ ಕಣಣ್ಣಾ, ಇವ್ರೇಯ! ಕರೆಂಟ್ ಬಿಲ್ ಓದ್ತಿದ್ರು. ಸ್ಪೀಕರಾಗಿದ್ರೆ ನಾನೇ ನಿಲ್ಸ್‌ತಿದ್ದೆ!"

ನಕ್ಕರು, ಆದರೆ ನಕ್ಕು ಮುಗಿದ ಮೇಲೂ ಎಲ್ಲರ ಕಣ್ಣು ಶಾಂತರಾಜುವಿನ ಮೇಲೇ ಇತ್ತು. ಮರಿಮಲ್ಲಪ್ಪ ನಿಟ್ಟುಸಿರು ಬಿಟ್ಟರು. "ಲೋ ಶಾಂತರಾಜು, ನೀನು ಅಂತೋನಲ್ಲ, ನಂಗೊತ್ತು. ಆದ್ರೂ ಜನ ಕೂತವ್ರೆ. ದೀಪ ಮುಟ್ಟಿ, ನನ್ತಾವು ಇಲ್ಲ ಅಂತ ಒಂದ್ ಮಾತು ಹೇಳ್ಬುಡು. ಮಂಗಳ ಸುರು ಮಾಡ್ಸನ."

ಶಾಂತರಾಜು ದೀಪದ ಕಡೆ ನಡೆದ. ಕಣ್ಣಲ್ಲಿ ನೀರು ತುಂಬಿದ್ದರಿಂದ ಅವನಿಗೆ ದೀಪಗಳೇ ಹತ್ತಾರು ಕಂಡವು, ವೈರು ಕಾಣಲಿಲ್ಲ. ಕಾಲು ಸಿಕ್ಕಿತು. ಟಿ.ವಿ. 'ಡುಂಗ್' ಎಂದಿತು.

ಐದು ಸಾಲೂ ಒಟ್ಟಿಗೆ ಮಾಯ!

"ಇನ್ನೂ ದೀಪಾನೇ ಮುಟ್ಟಿಲ್ಲ," ಚಿಕ್ಕಯ್ಯ ಎದೆ ಹಿಡಿದುಕೊಂಡ, "ಅಷ್ಟ್ರಲ್ಲೇ ಐದೂ ಒಂಟೋದ್ವಲ್ಲಪ್ಪೋ!"

ಹೆಂಗಸರು ಕೆನ್ನೆ ಬಡಿದುಕೊಂಡರು. ಒಬ್ಬಿಬ್ಬರು ಟಿ.ವಿ.ಗೇ ಅಡ್ಡಬಿದ್ದರು. ಮೇಷ್ಟ್ರು ಹಾರ್ಮೋನಿಯಮ್ಮಿನ ಮೇಲೆ ಮೊಣಕೈ ಊರಿದ್ದರಿಂದ ಭಯಂಕರವಾದ ಒಂದು ಸ್ವರ ಹೊರಟು, ಅದು ಕೂಡ ದೇವರದ್ದೇ ಎಂದು ಜನ ನಂಬಿದರು.

ಮುಬಶ್ಶಿರಾ ಬಂದು ಬಗ್ಗಿ ವೈರಿನ ತುದಿ ಎತ್ತಿಕೊಂಡು ಮತ್ತೆ ಚುಚ್ಚಿದಳು. 'ಡಿಂಗ್.' ಕ್ಯಾಮೆರಾ ಬಂತು, ಮೈಕು ಬಂತು, ಸ್ಪೀಕರು, ಕೀಬೋರ್ಡು, ಹಳದಿ ಗುರುತು ಹೊತ್ತ ಅಜ್ಞಾತ ಸಾಧನ, ಐದೂ ಬಂದು ಸಾಲಾಗಿ ಕೂತವು. ಕಿತ್ತಳು. ಐದೂ ಹೋದವು. ಚುಚ್ಚಿದಳು. ಬಂದವು.

"ಅಂಕಲ್, ಇದು ಕಾಂಪೋಸಿಟ್ ಡಿವೈಸ್, ಪಟ್ಟಿ ಮೇಲ್ಗಡೆ ಸಂಯುಕ್ತ ಸಾಧನ ಅಂತ ಇದೆಯಲ್ಲ, ಅದೇ. ಒಳಗಡೆ ಬೇರೆ ಬೇರೆ ಇಂಟರ್‌ಫೇಸ್ ಇರುತ್ವೆ. ಆಪರೇಟಿಂಗ್ ಸಿಸ್ಟಮ್ ಒಂದೊಂದಕ್ಕೂ ಬೇರೆ ಡ್ರೈವರ್ ಲೋಡ್ ಮಾಡತ್ತೆ."

ಜನ ತಲೆದೂಗಿದರು. ಕಂದಾಯದ ನೋಟೀಸಿಗೆ ತಲೆದೂಗುತ್ತಿದ್ದ ರೀತಿಯೇ.

"ತಾಯೀ," ಮರಿಮಲ್ಲಪ್ಪ ಕೈಮುಗಿದರು, "ನಮ್ಗೆ ತಿಳಿಯಂಗೆ ಹೇಳವ್ವ."

ಮುಬಶ್ಶಿರಾ ಸ್ವಲ್ಪ ಯೋಚಿಸಿದಳು. "ನಮ್ಮ ಮನೆ ಇದೆಯಲ್ಲ ಅಂಕಲ್, ಬೀದಿಗೆ ಬಾಗಿಲು ಒಂದೇ. ಒಳಗೆ ಹೋದ್ರೆ ನಮ್ಮ ಅಬ್ಬಾದು ಒಂದು ಒಲೆ, ಚಿಕ್ಕಪ್ಪಂದಿರದು ಬೇರೆ ಬೇರೆ ಒಲೆ. ಹೊರಗಿಂದ ನೋಡೋರು ಒಂದು ಮನೆ ಅಂತಾರೆ. ಕಂಪ್ಯೂಟರು ಬಾಗಿಲು ಎಣಿಸಲ್ಲ, ಒಲೆ ಎಣಿಸತ್ತೆ."

"ಅಯ್ಯೋ, ನಮ್ಮನೇನೂ ಹಂಗೇ ಕಣವ್ವ!" ಮರಿಮಲ್ಲಪ್ಪನವರ ಮುಖ ಅರಳಿತು. ಅವರ ತಮ್ಮಂದಿರು ಹಿಂದಿನ ಸಾಲಿನಲ್ಲಿ ಮುಖ ತಗ್ಗಿಸಿದರು.

"ಒಲೆಗೊಬ್ಬರು ಅಡುಗೆಯೋರು ಬೇಕಲ್ವಾ? ಅದೇ ಡ್ರೈವರ್ ಅಂದ್ರೆ. ಮೊದಲ ನಾಲ್ಕು ಒಲೆಗೆ ಕಂಪ್ಯೂಟರ್ ಹತ್ರಾನೇ ಅಡುಗೆಯೋರು ಇದ್ರು, ಕೂಡಿಸಿಬಿಡ್ತು."

"ಅದ್ಸರಿ, ಕೀಬೋರ್ಡ್ ಎಲ್ಲದೆ?" ಚಿಕ್ಕಯ್ಯ ಬಿಡಲಿಲ್ಲ.

"ಈ ಎರಡು ಗುಂಡಿ. ಕಂಪ್ಯೂಟರ್ ಪಾಲಿಗೆ ಗುಂಡಿ ಇದ್ರೆ ಅದು ಕೀಬೋರ್ಡೇ. ಇದು ಒತ್ತಿದ್ರೆ ಸದ್ದು ಹೆಚ್ಚು. ಇದು ಒತ್ತಿದ್ರೆ ಮಾತು ಬಂದ್."

ಎರಡನೆಯ ಗುಂಡಿಯನ್ನು ಕುಮಾರಿ ಕತ್ತು ಉದ್ದ ಮಾಡಿ ಬಹಳ ಹೊತ್ತು ನೋಡಿದಳು. "ಅದೊಂದೇ ಬಿಡಿಯಾಗಿ ಸಿಕ್ತದೇನವ್ವ?" ಎಂದು ಮೆಲ್ಲಗೆ ಕೇಳಿದಳು.

"ಐದನೇದು?" ಮರಿಮಲ್ಲಪ್ಪ ಕೇಳಿದರು.

"ಅದಕ್ಕೆ ಡ್ರೈವರ್ ಸಿಕ್ಕಿಲ್ಲ ಅಂಕಲ್. ಅದೇನು ಅಂತ ಕಂಪ್ಯೂಟರ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದಿಲ್ಲದೇನೂ ಕೆಲಸ ನಡಿಯತ್ತೆ."

ಆಮೇಲೆ ನಡೆದದ್ದನ್ನು ಭಜನೆಮನೆಯ ಗಾಂಭೀರ್ಯಕ್ಕೆ ಒಪ್ಪುವಂಥದ್ದು ಎನ್ನಲಾಗದು. ತಾವೂ ಒಂದು ಸಲ ಕಿತ್ತು ಚುಚ್ಚಿ ನೋಡಬೇಕು ಎಂದು ಹಿರಿಯರೆಲ್ಲ ಸಾಲುಗಟ್ಟಿದರು. ಡುಂಗ್, ಡಿಂಗ್, ಡುಂಗ್, ಡಿಂಗ್. ಚಿಕ್ಕಯ್ಯ ಎರಡು ಸಲ ಬಂದ. ಅವನು ಚುಚ್ಚಿ ಕೈ ತೆಗೆಯುವಷ್ಟರಲ್ಲಿ ಡಬ್ಬಿ ಮಾತಾಡಿತು.

"ಏನ್ರಪ್ಪಾ, ಚೆಂದಾಗಿ ನಡೀತಿದ್ದುದ್ನ ಗಳ್ಗೆಗೊಂದ್ ದಪ ನಿಲ್ಸ್‌ಬುಡ್ತೀರಲ್ಲ! ಅಳಿಯಂದ್ರು ದೀಪ ಮುಟ್ಟುದ್ರಾ, ಇಲ್ವಾ?"

ಪುಟ್ಟಮಲ್ಲಮ್ಮ! ಎಲ್ಲರೂ ತೊಲೆಯ ಕಡೆ ತಿರುಗಿದರು.

"ಅತ್ತೇ, ಆಗ್ಲಿಂದ್ಲೂ ಕೇಳ್ತಾ ಇದ್ರಾ?" ಶಾಂತರಾಜು ತೊಲೆಯನ್ನು ನೋಡಿ ಕೇಳಿದ.

"ಮೊದ್ಲಿಂದ್ಲೂ ಕೇಳ್ತಾವ್ನಿ. ಇದ್ಯಾವ್ ಸಂಧಿ ಮೇಷ್ಟ್ರೆ? ಇಷ್ಟ್ ಕಾಲದಿಂದ ಕೇಳಿವ್ನಿ, ಇದ್ನ ಕೇಳೇ ಇರ್ಲಿಲ್ಲ." ನಗು ಇಳಿಯುವವರೆಗೆ ಕಾದು ಡಬ್ಬಿ ಮುಂದುವರಿಸಿತು: "ಅಲ್ಲ ಮರಿಮಲ್ಲಪ್ನೋರೆ, ನಮ್ ಅಳಿಯ ಕದ್ದಾನಾ? ಕದ್ದಿದ್ರೆ ಏನೇನ್ ಕದ್ದೆ ಅಂತ ಬೀದೀಲಿ ಹಾಡ್ಕಂಡು ಓಗಿರನು!"

ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿರಲಿಲ್ಲ. ಮರಿಮಲ್ಲಪ್ಪ ದೀಪವನ್ನು ಶಾಂತರಾಜುವಿನಿಂದ ದೂರ ಸರಿಸಿದರು. ಉಳಿದ ನಾಲ್ಕು ಹಾರ ಎತ್ತಿಕೊಂಡು, ಒಂದನ್ನು ಲಿಯಾಕತ್ ಅಲಿಯವರ ಕೈಗಿಟ್ಟರು. "ಒಂದೇ ಕೊಟ್ರಿ, ಐದೂ ಕೊಟ್ರಿ. ಈಗ್ಲಾರ ಹಾಕಿ ಸಾಬ್ರೆ." ಲಿಯಾಕತ್ ಅಲಿ ತಮ್ಮ ಡಬ್ಬಿಗೆ ತಾವೇ ಹಾರ ಹಾಕಿದರು. ಮತ್ತೆರಡನ್ನು ಮರಿಮಲ್ಲಪ್ಪ ಬೇಗಬೇಗ ಹಾಕಿದರು. ಐದನೆಯದು ಕೈಗೆ ಬಂದಾಗ ಮಾತ್ರ ಚಪ್ಪಲಿ ಬಿಟ್ಟ ಕಾಲನ್ನು ಇನ್ನೊಮ್ಮೆ ಒರೆಸಿಕೊಂಡು ಕಣ್ಣು ಮುಚ್ಚಿ ನಿಂತರು.

"ಅದು ಏನಂತ್ಲೇ ಗೊತ್ತಿಲ್ವಲ್ಲ ಯಜಮಾನ್ರೆ, ಅದ್ಕೂ ಹಾರನಾ?" ಚಿಕ್ಕಯ್ಯ ಕೇಳಿದ.

"ಗೊತ್ತಿಲ್ದಿರೋದ್ಕೆ ಕೈಮುಗಿಯಕ್ಕೇ ಅಲ್ವೇನ್ಲಾ ನಾವು ವಾರವಾರ ಇಲ್ಲಿ ಬಂದು ಕೂರದು?"

ಹಾರ ಬಿತ್ತು. ಡಬ್ಬಿ ಹೂವಿನಲ್ಲಿ ಮುಳುಗಿ ಕಾಣದಾಯಿತು. ಆಗ ಶಾಂತರಾಜುವಿಗೆ ಗಾಜಿನ ಕಣ್ಣಿನ ನೆನಪಾಗಿ ಜೀವ ಬಾಯಿಗೆ ಬಂತು.

"ಅತ್ತೇ, ಏನಾರ ಕಾಣ್ತದಾ?"

"ಬರೀ ಹೂವು."

"ಹಾರ ತೆಗೀಲಾ?"

"ಬುಡಿ ಅಳಿಯಂದ್ರೆ. ಕಂಬದ್ ಪಕ್ಕ ಕೂತಾಗ್ಲೂ ನಂಗೆ ಕಾಣ್ತಿದ್ದುದ್ದು ಅಷ್ಟೇಯ. ಮೇಷ್ಟ್ರ ಮುಂದ್ಗಡೆ ರಾಶಿ ಹೂವು. ಓದ್ಸಿ."

ದೊರೆಸ್ವಾಮಿ ಮೇಷ್ಟ್ರು ಅಭ್ಯಾಸಬಲದಿಂದ ಕಂಬದ ಕಡೆ ನೋಡಿ, ಆಮೇಲೆ ಹಾರಗಳ ಗುಡ್ಡೆಯ ಕಡೆ ತಿರುಗಿ, ತಿದಿಯೊತ್ತಿದರು. ಮಂಗಳದ ಮೊದಲ ಪದ್ಯ ಏರಿತು. ಶಾಂತರಾಜು ಖಾಲಿ ಮಣೆಯ ಪಕ್ಕ ಬಂದು ನೆಲದ ಮೇಲೆ ಕೂತ, ಬಾಯಿ ತೆರೆಯಲಿಲ್ಲ. ಕುಮಾರಿ ಒಮ್ಮೆ ತಿರುಗಿ ನೋಡಿ ಅವನಿಗೆ ಹುಷಾರಿದೆಯೇ ಎಂದು ಅನುಮಾನಪಟ್ಟಳು.

ಟಿ.ವಿ.ಯಲ್ಲಿ ನಾಲ್ಕು ಸಾಲುಗಳು ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು. ಐದನೆಯದು ಮಾತ್ರ, ತಾನು ಯಾರೆಂದು ಯಾರಿಗೂ ಹೇಳದೆ, ಹಳದಿ ಬೊಟ್ಟು ಇಟ್ಟುಕೊಂಡು, ಕೊನೆಯವರೆಗೂ ಕೂತು ಕೇಳಿತು.